ತೆಗೆದ ಕೀಲನ್ನು ಆಸ್ಪತ್ರೆಯಲ್ಲೇ ಬಿಟ್ಟು ಬರಬೇಡಿ

ಸೊಂಟದ್ದೋ ಮಂಡಿಯದ್ದೋ ಕೃತಕ ಕೀಲು ಕೆಟ್ಟು, ಮೈಸೂರಿಗೋ ಮಂಗಳೂರಿಗೋ ಹೋಗಿ ಎರಡನೇ ಆಪರೇಷನ್ ಮಾಡಿಸಿಕೊಂಡವರು ಮಡಿಕೇರಿಯ ವಕೀಲರ ಬಳಿ ಬರುವಾಗ ಕೈಯಲ್ಲಿ ಬಿಲ್ಲುಗಳ ಕಟ್ಟು ಇರುತ್ತದೆ, ಮನಸ್ಸಿನಲ್ಲಿ ಡಾಕ್ಟರ ಮೇಲೆ ಸಿಟ್ಟಿರುತ್ತದೆ. ಕೆಟ್ಟ ಕೀಲು ಮಾತ್ರ ಇರುವುದಿಲ್ಲ. ಎಲ್ಲಿ ಎಂದು ಕೇಳಿದರೆ, "ಅದನ್ನು ಅವರೇ ಬಿಸಾಡಿರಬೇಕು" ಎನ್ನುತ್ತಾರೆ. ಬಿಸಾಡಿರುತ್ತಾರೆ, ನಿಜ. ಆಸ್ಪತ್ರೆಯನ್ನು ದೂರುವಂತೆಯೂ ಇಲ್ಲ: 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ದೇಹದಿಂದ ತೆಗೆದ ಲೋಹದ ಇಂಪ್ಲಾಂಟ್ ತ್ಯಾಜ್ಯವೇ, ಅದರ ಜಾಗ ನೀಲಿ ಗುರುತಿನ ಡಬ್ಬಿ. ನೀವು ಮೊದಲೇ ಕೇಳದಿದ್ದರೆ ಯಾರೂ ಎತ್ತಿಡುವುದಿಲ್ಲ.

ಇದನ್ನೇ ಮತ್ತೆ ಮತ್ತೆ ಹೇಳುವುದಕ್ಕೆ ಕಾರಣವಿದೆ. ಡಾಕ್ಟರ ಮೇಲಿನ ದೂರು ಬೇರೆ, ಕೀಲು ತಯಾರಿಸಿದವರ ಮೇಲಿನ ದೂರು ಬೇರೆ. ಡಾಕ್ಟರ ವಿಷಯದಲ್ಲಿ ನಿರ್ಲಕ್ಷ್ಯವನ್ನು ತೋರಿಸಬೇಕು. ತಯಾರಕರ ವಿಷಯದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಸೆಕ್ಷನ್ ಪ್ರಕಾರ, ತಯಾರಿಕೆಯಲ್ಲೋ ವಿನ್ಯಾಸದಲ್ಲೋ ದೋಷವಿತ್ತು, ಅಥವಾ ಕೊಡಬೇಕಿದ್ದ ಎಚ್ಚರಿಕೆ ಕೊಡಲಿಲ್ಲ, ಅದರಿಂದಲೇ ಹಾನಿಯಾಯಿತು ಎಂದು ತೋರಿಸಬೇಕು. ದೋಷ ಇರುವುದು ವಸ್ತುವಿನಲ್ಲಿ. ವಸ್ತುವೇ ಇಲ್ಲದೆ ದೋಷ ತೋರಿಸುವುದು ಅಸಾಧ್ಯವಲ್ಲ, ಆದರೆ ಬಹಳ ಕಷ್ಟ.

ಆದ್ದರಿಂದ ರಿವಿಷನ್ ಆಪರೇಷನ್‌ಗೆ, ಅಂದರೆ ಕೆಟ್ಟ ಕೀಲು ತೆಗೆಯುವ ಎರಡನೇ ಆಪರೇಷನ್‌ಗೆ, ದಿನ ಗೊತ್ತಾದ ಕೂಡಲೇ ಸರ್ಜನ್‌ಗೂ ಆಸ್ಪತ್ರೆಯ ಮೇಲ್ವಿಚಾರಕರಿಗೂ ಒಂದೊಂದು ಪತ್ರ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ತೆಗೆದ ಎಲ್ಲ ಭಾಗಗಳನ್ನೂ ನನಗೆ ಕೊಡಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ. ಎಲ್ಲ ಎಂದರೆ ಎಲ್ಲ: ಸೊಂಟವಾದರೆ ಕಪ್, ಅದರೊಳಗಿನ ಲೈನರ್, ಗುಂಡಗಿನ ಹೆಡ್, ತೊಡೆಮೂಳೆಯೊಳಗಿನ ಸ್ಟೆಮ್, ಮಂಡಿಯಾದರೆ ಮೇಲಿನ ಲೋಹ, ಕೆಳಗಿನ ಟ್ರೇ, ನಡುವಿನ ಪ್ಲಾಸ್ಟಿಕ್. ಥಿಯೇಟರ್‌ನಲ್ಲೇ ಫೋಟೋ ತೆಗೆಯಲಿ, ಒಂದೊಂದನ್ನೂ ಬೇರೆ ಡಬ್ಬಿಯಲ್ಲಿಟ್ಟು ಹೆಸರು, ತಾರೀಖು ಬರೆದು ಸೀಲ್ ಮಾಡಲಿ. ಸೋಂಕು ನಿವಾರಣೆ ಆಸ್ಪತ್ರೆಯವರೇ ಮಾಡಬೇಕು. ಪ್ಲಾಸ್ಟಿಕ್ ತುಂಡನ್ನು ಆಟೋಕ್ಲೇವ್ (ಬಿಸಿ ಉಗಿಯಿಂದ ಸೋಂಕು ನಿವಾರಿಸುವ ಯಂತ್ರ) ಬಿಸಿಗೆ ಹಾಕಿದರೆ ಆಕಾರ ಕೆಡಬಹುದೆಂದು ಮೊದಲೇ ನೆನಪಿಸಿ. ಮನೆಗೆ ತಂದು ಉಜ್ಜಿ ತೊಳೆಯುವವರೂ ಇದ್ದಾರೆ. ದಯವಿಟ್ಟು ಬೇಡ, ಆ ಗೀರು ಯಾರದ್ದು ಎಂಬ ಪ್ರಶ್ನೆ ಹುಟ್ಟುತ್ತದೆ.

"ಕೊಡಿ, ನಾವೇ ಟೆಸ್ಟ್ ಮಾಡಿಸುತ್ತೇವೆ" ಎಂದು ಕಂಪನಿಯ ಪ್ರತಿನಿಧಿ ಕೈಚಾಚಿದರೆ ಕೊಡಬೇಡಿ. ಎದುರಾಳಿಯ ಜೇಬಿಗೆ ನಿಮ್ಮ ಸಾಕ್ಷಿ ಯಾಕೆ? ವಸ್ತುವನ್ನು ಸೀಲ್ ಮಾಡಿ ತಕ್ಕ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಅದೇ ಗ್ರಾಹಕ ಕಾಯ್ದೆಯ 38ನೇ ಸೆಕ್ಷನ್‌ನಲ್ಲಿ ಗ್ರಾಹಕ ಆಯೋಗಕ್ಕೇ ಇದೆ.

ಜೊತೆಗೆ ಸುತ್ತಲಿನ ಅಂಗಾಂಶವನ್ನು ಕಲ್ಚರ್‌ಗೂ (ಸೋಂಕಿದೆಯೇ ಎಂಬ ಪರೀಕ್ಷೆ) ಬಯಾಪ್ಸಿಗೂ ಕಳಿಸಲು ಸರ್ಜನ್‌ರನ್ನು ಕೇಳಿ. ಕಂಪನಿಯ ಮೊದಲ ವಾದ ಸಾಮಾನ್ಯವಾಗಿ ಇವೇ: ಇನ್ಫೆಕ್ಷನ್ ಆಗಿತ್ತು, ಡಾಕ್ಟರು ಓರೆಯಾಗಿ ಕೂರಿಸಿದ್ದರು, ರೋಗಿ ಬಿದ್ದಿದ್ದರು. ತೋಟದ ಇಳಿಜಾರಿನಲ್ಲಿ ದಿನವೂ ಹತ್ತಿಳಿಯುವ ನಮ್ಮವರ ವಿಷಯದಲ್ಲಿ ಮೂರನೆಯದು ಬಂದೇ ಬರುತ್ತದೆ. ಮೊದಲ ಆಪರೇಷನ್ ಆದ ಕೂಡಲೇ ತೆಗೆದ, ತಾರೀಖಿರುವ ಎಕ್ಸ್‌ರೇ ಇದ್ದರೆ ಎರಡನೆಯದಕ್ಕೆ ಉತ್ತರ ಸಿಗಬಹುದು. ಕೆಲವೊಮ್ಮೆ ಅವರ ವಾದವೇ ಸರಿ ಇರುತ್ತದೆ, ಅದನ್ನೂ ಹೇಳಬೇಕು. ಕೆಟ್ಟ ಕೀಲೆಲ್ಲ ದೋಷದ ಕೀಲಲ್ಲ. ವರ್ಷಗಟ್ಟಲೆ ನಡೆದರೆ ಯಾವುದೂ ಸವೆಯುತ್ತದೆ.

ಇನ್ನು ಸ್ಟಿಕರ್. ಒಳಗೆ ಕೂರಿಸಿದ ಪ್ರತಿ ಭಾಗದ ಪೊಟ್ಟಣದ ಮೇಲೂ ತಯಾರಕರ ಹೆಸರು, ಕ್ಯಾಟಲಾಗ್ ನಂಬರ್, ಲಾಟ್ ನಂಬರ್ (ಒಟ್ಟಿಗೆ ತಯಾರಾದ ಗುಂಪಿನ ಸಂಖ್ಯೆ), ಅಳತೆ ಇರುವ ಚೀಟಿ ಇರುತ್ತದೆ, ಅದನ್ನು ಆಪರೇಷನ್ ಟಿಪ್ಪಣಿಗೆ ಅಂಟಿಸುತ್ತಾರೆ. ನಿಮ್ಮಲ್ಲಿ ಇಲ್ಲದಿದ್ದರೆ ಪೂರ್ತಿ ಕೇಸ್‌ಶೀಟ್ ಕೇಳಿ ಅರ್ಜಿ ಕೊಡಿ. ವೈದ್ಯರ ವೃತ್ತಿ ನಿಯಮಗಳು (2002) ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕೆನ್ನುತ್ತವೆ, ಆದರೆ ಮೂರು ವರ್ಷ ಕಾಪಾಡಿದರೆ ಸಾಕು ಎಂದೂ ಹೇಳುತ್ತವೆ. ಹಾಗಾಗಿ ತಡ ಮಾಡಬೇಡಿ. ನಿವೃತ್ತ ಸೈನಿಕರು ಈ ವಿಷಯದಲ್ಲಿ ಅಚ್ಚುಕಟ್ಟು, ಫೈಲು ತೆರೆದರೆ ಎಲ್ಲವೂ ಸಾಲಾಗಿರುತ್ತದೆ. ಉಳಿದವರ ಕಾಗದ ಮಳೆಗಾಲದಲ್ಲಿ ಬೂಷ್ಟು ಹಿಡಿದಿರುತ್ತದೆ. ಮೊಬೈಲ್‌ನಲ್ಲಾದರೂ ಫೋಟೋ ತೆಗೆದಿಡಿ.

ಈ ಚೀಟಿ ಏಕೆ ಮುಖ್ಯ ಎಂಬುದಕ್ಕೆ ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಸೊಂಟದ ಕೀಲಿನ ಪ್ರಕರಣವೇ ಸಾಕು. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ದೇಹಕ್ಕೆ ಸೇರುತ್ತಿತ್ತು. 2010ರ ಆಗಸ್ಟ್‌ನಲ್ಲಿ ಕಂಪನಿ ಅದನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಭಾರತದಲ್ಲಿ 2018ರಲ್ಲಿ ಕೇಂದ್ರ ಸರ್ಕಾರದ ಸೂತ್ರದಡಿ ಸುಮಾರು 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರದ ಮಾತು ಬಂತು. ಆದರೆ ಕೀಲು ಹಾಕಿಸಿಕೊಂಡ ಬಹಳಷ್ಟು ಜನ ಪತ್ತೆಯೇ ಆಗಲಿಲ್ಲ.

ದೂರು ಕೊಡಲು ಬೆಂಗಳೂರಿಗೆ ಓಡಬೇಕಿಲ್ಲ. ಕೊಟ್ಟ ಹಣ 50 ಲಕ್ಷ ದಾಟದಿದ್ದರೆ, ಆಪರೇಷನ್ ಎಲ್ಲೇ ಆಗಿರಲಿ, ನೀವು ಕೊಡಗಿನವರಾದರೆ ಮಡಿಕೇರಿಯ ಜಿಲ್ಲಾ ಆಯೋಗವೇ ಸಾಕು. ಲೆಕ್ಕಕ್ಕೆ ಬರುವುದು ಕೊಟ್ಟ ಹಣ, ಕೇಳುವ ಪರಿಹಾರವಲ್ಲ. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ವಿಮೆಯವರು ಹಣ ಕಟ್ಟಿದ್ದರೂ ನೀವು ಗ್ರಾಹಕರೇ. ಎಲ್ಲರಿಗೂ ಪೂರ್ತಿ ಉಚಿತವಾದ ಆಸ್ಪತ್ರೆಯಲ್ಲಿ ಆಗಿದ್ದರೆ ದಾರಿ ಬೇರೆಯಾಗಬಹುದು, ವಕೀಲರನ್ನು ಕೇಳಿ. ವಿದೇಶಿ ಕೀಲಾದರೆ ಆಮದು ಮಾಡಿಕೊಂಡವರನ್ನೂ ಎದುರುದಾರರಾಗಿ ಸೇರಿಸಿ. ಕಾಲಮಿತಿ ಎರಡು ವರ್ಷ. ಅದು ಯಾವತ್ತಿನಿಂದ ಎಂಬುದು ವಾದದ ವಿಷಯ, ನೀವು ಮಾತ್ರ "ಕೀಲು ಕೆಟ್ಟಿದೆ" ಎಂದು ಡಾಕ್ಟರು ಹೇಳಿದ ದಿನದಿಂದಲೇ ಎಣಿಸಿಕೊಳ್ಳಿ.