ತೋಟದ ಮಳೆಮಾಪಕದಿಂದ ಮೊಬೈಲಿಗೆ: ನೇರ ದತ್ತಾಂಶದ ಟಿಪ್ಪಣಿ

ಉದಾಹರಣೆಗೆ ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟ ಇಟ್ಟುಕೊಳ್ಳೋಣ. ಟಿಪ್ಪಿಂಗ್ ಬಕೆಟ್ ಮಳೆಮಾಪಕ (0.2 ಮಿ.ಮೀ. ಮಳೆ ಬಿದ್ದಾಗಲೆಲ್ಲ ಒಳಗಿನ ಪುಟ್ಟ ಬಟ್ಟಲು ಒಮ್ಮೆ ಮಗುಚುತ್ತದೆ), ಆ ಮಗುಚುಗಳನ್ನು ಎಣಿಸುವ ಪುಟ್ಟ ಕಂಪ್ಯೂಟರಾದ ಇಎಸ್‌ಪಿ32 ಬೋರ್ಡು, ಸಿಮ್ ಹಾಕಿದ ರೂಟರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕಾದರೆ ಮಳೆ ಎಷ್ಟು ಹೊತ್ತಿನಿಂದ ಹೊಳವಾಗಿದೆ ಎಂದು ಫೋನಿನಲ್ಲೇ ಕಾಣಬೇಕು.

ದತ್ತಾಂಶ ಹೋಗುವುದು ಒಂದೇ ದಿಕ್ಕಿಗೆ. ಇದಕ್ಕೆ ಎರಡೂ ದಿಕ್ಕಿಗೆ ಸಂದೇಶ ಸಾಗಿಸುವ ವೆಬ್‌ಸಾಕೆಟ್ ಅತಿಯಾಯಿತು. ಸರ್ವರ್ ಸಂಪರ್ಕ ತೆರೆದಿಟ್ಟು ಬ್ರೌಸರಿಗೆ ಸಂದೇಶ ಕಳಿಸುತ್ತಲೇ ಇರುವ ಸರ್ವರ್-ಸೆಂಟ್ ಈವೆಂಟ್ಸ್ ಸಾಕು. ಸಂಪರ್ಕ ಕಡಿದರೆ ಬ್ರೌಸರ್ ತಾನೇ ಮತ್ತೆ ಜೋಡಿಸಿಕೊಳ್ಳುತ್ತದೆ. ಪ್ರತಿ ಸಂದೇಶದ ಕೊನೆಗೆ ಒಂದು ಖಾಲಿ ಸಾಲು ಇರಲೇಬೇಕು. ಅದು ಬಿಟ್ಟುಹೋದರೆ ಪುಟ ಸುಮ್ಮನೆ ಕಾಯುತ್ತದೆ, ದೋಷವನ್ನೂ ತೋರಿಸುವುದಿಲ್ಲ.

ಮೊಬೈಲ್ ಜಾಲದಲ್ಲಿ ಬೋರ್ಡಿಗೆ ಸಾಮಾನ್ಯವಾಗಿ ಸ್ವಂತ ಸಾರ್ವಜನಿಕ ವಿಳಾಸ ಸಿಗದು, ಹೊರಗಿನಿಂದ ಅದನ್ನು ತಲುಪಲಾಗದು. ಆದ್ದರಿಂದ ಬೋರ್ಡೇ ಎಂಕ್ಯೂಟಿಟಿ ಎಂಬ ಹಗುರ ಸಂದೇಶ ಪ್ರೋಟೋಕಾಲಿನ ಮೂಲಕ ಸರ್ವರಿಗೆ ಕಳಿಸಲಿ, ಸರ್ವರ್ ಬ್ರೌಸರುಗಳಿಗೆ ಹಂಚಲಿ.

ಏನು ಕಳಿಸಬೇಕು ಎಂಬುದರಲ್ಲೇ ಹೆಚ್ಚಿನವರು ಎಡವುವುದು. "ಬಟ್ಟಲು ಒಮ್ಮೆ ಮಗುಚಿತು" ಎಂದು ಕಳಿಸಿದರೆ, ಕಳೆದುಹೋದ ಪ್ರತಿ ಸಂದೇಶದ ಜೊತೆ 0.2 ಮಿ.ಮೀ. ಮಳೆಯೂ ಹೋಯಿತು. ಯಾವಾಗಲೂ ಒಟ್ಟು ಎಣಿಕೆ ಕಳಿಸಿ. 1410 ಆದಮೇಲೆ ಸಂಪರ್ಕ ಹೋಗಿ, ಬಂದಾಗ 1455 ಇದ್ದರೆ ನಡುವೆ 9 ಮಿ.ಮೀ. ಬಿದ್ದಿದೆ. ಕರೆಂಟು ಹೋದರೆ ಎಣಿಕೆ ಸೊನ್ನೆಯಾಗದಂತೆ ಬೋರ್ಡಿನ ಫ್ಲ್ಯಾಶ್ ಮೆಮೊರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಬರೆಯಿರಿ. ಪ್ರತಿ ಮಗುಚಿಗೂ ಬರೆದರೆ ಫ್ಲ್ಯಾಶ್ ಸವೆಯುತ್ತದೆ. ಮಗುಚನ್ನು ಗುರುತಿಸುವ, ಅಯಸ್ಕಾಂತಕ್ಕೆ ಕೂಡುವ ರೀಡ್ ಸ್ವಿಚ್ಚು ಅದುರಿ ಒಂದನ್ನು ಮೂರಾಗಿ ಎಣಿಸುವುದುಂಟು, ಒಂದು ಮಿಡಿತವಾದ 100 ಮಿಲಿಸೆಕೆಂಡಿನೊಳಗೆ ಬರುವ ಮಿಡಿತ ಬಿಟ್ಟುಬಿಡಿ. ಗಂಟೆಗೆ 100 ಮಿ.ಮೀ. ಸುರಿದರೂ ಎರಡು ಮಗುಚುಗಳ ನಡುವೆ 7.2 ಸೆಕೆಂಡು ಇರುತ್ತದೆ. ಆಗುಂಬೆಯ ಜಡಿಮಳೆಗೂ ತೊಂದರೆಯಿಲ್ಲ.

ಸರ್ವರಿನ ಮುಂದೆ, ಬ್ರೌಸರಿಗೂ ಅದಕ್ಕೂ ನಡುವೆ ನಿಲ್ಲುವ ತಂತ್ರಾಂಶ ಎಂಜಿನ್‌ಎಕ್ಸ್ ಇದ್ದರೆ ಸಂದೇಶಗಳು ಕಟ್ಟುಕಟ್ಟಾಗಿ ಬರಬಹುದು. ಸಂದೇಶಗಳನ್ನು ಕೂಡಿಟ್ಟು ಕಳಿಸುವ ಅದರ ಪ್ರಾಕ್ಸಿ ಬಫರಿಂಗ್ ಆಫ್ ಮಾಡಿ. 60 ಸೆಕೆಂಡು ಮೌನವಾದರೆ ಅದು ಸಂಪರ್ಕವನ್ನೇ ಮುಚ್ಚುತ್ತದೆ, ಹಾಗಾಗಿ 15 ಸೆಕೆಂಡಿಗೊಮ್ಮೆ ಕೋಲನ್ನಿನಿಂದ ಶುರುವಾಗುವ ಟಿಪ್ಪಣಿ ಸಾಲು ಕಳಿಸಿ.

ಆದರೆ ಈ ಸಾಲು ಸರ್ವರ್ ಬದುಕಿದೆ ಎಂದಷ್ಟೇ ಹೇಳುತ್ತದೆ. ತೋಟದ ಬೋರ್ಡು ಸತ್ತರೂ ಪುಟ "ಐದು ಗಂಟೆಯಿಂದ ಮಳೆಯಿಲ್ಲ" ಎಂದೇ ತೋರಿಸೀತು, ಅದನ್ನು ನಂಬಿ ಔಷಧಿ ಹೊಡೆದರೆ ಕೆಲಸ ಕೆಟ್ಟಿತು. ಮಳೆ ಇರಲಿ ಬಿಡಲಿ, ಬೋರ್ಡು ನಿಮಿಷಕ್ಕೊಮ್ಮೆ ಎಣಿಕೆ ಕಳಿಸಲಿ. ಕೊನೆಯ ಎಣಿಕೆ ಬಂದು ಮೂರು ನಿಮಿಷ ದಾಟಿದರೆ ಪುಟ ಅಂಕಿಯನ್ನು ಬೂದುಬಣ್ಣಕ್ಕೆ ತಿರುಗಿಸಲಿ.

ಮಾಪಕದ ಕೊಳವೆಗೆ ದರಗು ಕಟ್ಟಿಕೊಂಡರೂ ಬರುವುದು ಸೊನ್ನೆಯೇ. ಅದು ಯಾವ ಪ್ರೋಟೋಕಾಲಿಗೂ ಗೊತ್ತಾಗದು. ಸೋಗೆಯ ಹನಿ ತಾಗದ ಬಯಲಲ್ಲಿ ಇಡಿ, ಮೇಲೆ ಜಾಲರಿ ಹಾಕಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೈಯಾರೆ ತೊಳೆಯಿರಿ.