ಪದ ಪರಿಚಯ: ಎರಾಸ್ಮಸ್ ಪ್ಲಸ್ ಪ್ರಾಜೆಕ್ಟ್

‘ಕಾಲೇಜಿಗೆ ಎರಾಸ್ಮಸ್ ಪ್ಲಸ್ ಸ್ಕಾಲರ್‌ಶಿಪ್’ ಎಂಬಂಥ ತಲೆಬರಹ ಆಗಾಗ ಕಣ್ಣಿಗೆ ಬೀಳುತ್ತದೆ. ಕಾಲೇಜಿಗೆ ಎಲ್ಲಿಯ ಸ್ಕಾಲರ್‌ಶಿಪ್? ಸುದ್ದಿ ಪೂರ್ತಿ ಓದಿದರೆ ವಿಷಯವೇ ಬೇರೆ ಇರುತ್ತದೆ. ಎರಾಸ್ಮಸ್ ಪ್ಲಸ್ ಅಂದರೆ ಶಿಕ್ಷಣಕ್ಕೆ ಯುರೋಪಿಯನ್ ಯೂನಿಯನ್ ದುಡ್ಡು ಕೊಡುವ ಕಾರ್ಯಕ್ರಮ. ಯುರೋಪಿನ ನಾಲ್ಕಾರು ವಿಶ್ವವಿದ್ಯಾಲಯಗಳ ಜೊತೆ ಸೇರಿ ಆನ್‌ಲೈನ್ ಕೋರ್ಸ್ ತಯಾರಿಸಲು ಅದರಿಂದ ಬಂದ ಅನುದಾನ ಅದು. ಇನ್ನೊಂದು ಕಡೆ ‘ಯುರೋಪಿಯನ್ ಯೂನಿಯನ್ ಹೊಸ ಆ್ಯಪ್ ಬಿಡುಗಡೆ ಮಾಡಿದೆ’ ಎಂದು ಬರೆದಿರುತ್ತಾರೆ. ಆ್ಯಪ್ ಮಾಡಿದವರು ಪೋರ್ಚುಗಲ್‌ನ ಒಂದು ಶಾಲೆ, ಇಟಲಿಯ ಒಂದು ಸಂಸ್ಥೆ, ಫಿನ್ಲೆಂಡಿನ ಒಂದು ವಿಶ್ವವಿದ್ಯಾಲಯ ಆಗಿರಬಹುದು. ಯೂನಿಯನ್ ಕೊಟ್ಟಿದ್ದು ದುಡ್ಡು ಮಾತ್ರ.

ಈ ಎರಡು ತಪ್ಪಿಗೂ ಮೂಲ ಒಂದೇ. ‘ಎರಾಸ್ಮಸ್’ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಮಾಸ್ಟರ್ಸ್ ಓದಲು ಹೋದ ಅಕ್ಕನ ಮಗಳು. ‘ಪ್ರಾಜೆಕ್ಟ್’ ಅಂದ ಕೂಡಲೇ ನೆನಪಾಗುವುದು ಸರ್ಕಾರಿ ಯೋಜನೆ. ಎರಡೂ ಈ ಜಾಗದಲ್ಲಿ ಹೊಂದುವುದಿಲ್ಲ.

ಮೊದಲು ಹೆಸರಿನ ಕತೆ ನೋಡೋಣ. ಗೊಂದಲ ಹುಟ್ಟಿದ್ದೇ ಅಲ್ಲಿ.

ದೆಸಿಡೇರಿಯಸ್ ಎರಾಸ್ಮಸ್ ರಾಟರ್‌ಡ್ಯಾಮಿನವನು. 15ನೇ ಶತಮಾನದ ಕೊನೆಯ ಭಾಗದಲ್ಲಿ ಹುಟ್ಟಿ, 1536ರಲ್ಲಿ ಬಾಸೆಲ್ ನಗರದಲ್ಲಿ ತೀರಿಕೊಂಡ ವಿದ್ವಾಂಸ. ಒಂದೂರಲ್ಲಿ ನೆಲೆ ನಿಂತ ಮನುಷ್ಯನಲ್ಲ. ಪ್ಯಾರಿಸ್‌ನಲ್ಲಿ ಓದಿದ. ಇಂಗ್ಲೆಂಡಿಗೆ ಹೋಗಿ ಬಂದ, ಕೇಂಬ್ರಿಜ್‌ನಲ್ಲಿ ಪಾಠ ಹೇಳಿದ. 1506ರಲ್ಲಿ ಟ್ಯೂರಿನ್‌ನಲ್ಲಿ ಡಾಕ್ಟರೇಟ್ ಪಡೆದ. ವೆನಿಸ್‌ನಲ್ಲಿ ಆಲ್ಡಸ್ ಮನೂಷಿಯಸ್‌ನ ಅಚ್ಚುಕೂಟದಲ್ಲಿ ಕೂತು ಗ್ರೀಕ್, ಲ್ಯಾಟಿನ್ ಗಾದೆಗಳ ಸಂಗ್ರಹವನ್ನು ಬೆಳೆಸಿದ. ಮೊದಲು ಸುಮಾರು 800 ಗಾದೆಗಳಿದ್ದ ಆ ಪುಸ್ತಕ ಅವನ ಬದುಕಿನ ಕೊನೆಗೆ 4,000 ದಾಟಿತ್ತು. ಅವನ ಓಡಾಟಕ್ಕೆ ಅರ್ಥ ಬಂದಿದ್ದು ಮುದ್ರಣದಿಂದ. ಆ ಕಾಲದ ಹೊಸ ತಂತ್ರಜ್ಞಾನ ಅದು. ಒಂದು ಊರಲ್ಲಿ ಬರೆದದ್ದು ಇನ್ನೊಂದು ಊರಲ್ಲಿ ಅಚ್ಚಾಗಿ ಇಡೀ ಯುರೋಪಿಗೆ ಹೋಗುತ್ತಿತ್ತು. ಊರೂರು ತಿರುಗಿ ಕಲಿಯುವವರ ಯೋಜನೆಗೆ ಅವನ ಹೆಸರಿಟ್ಟಿದ್ದು ಸರಿಯಾಗಿಯೇ ಇದೆ.

ಆದರೆ ಅಧಿಕಾರಿಗಳು ಸುಮ್ನೆ ಹೆಸರಿಡಲಿಲ್ಲ. ‘ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಓಡಾಟಕ್ಕಾಗಿ ಯುರೋಪಿಯನ್ ಸಮುದಾಯದ ಕ್ರಿಯಾ ಯೋಜನೆ’ ಎಂಬ ಉದ್ದನೆಯ ಇಂಗ್ಲಿಷ್ ಹೆಸರನ್ನು ಅಲ್ಲಿ ಇಲ್ಲಿ ಒಂದೊಂದು ಅಕ್ಷರ ಹೆಕ್ಕಿದರೆ ‘ಎರಾಸ್ಮಸ್’ ಆಗುವ ಹಾಗೆ ಹೊಂದಿಸಿದರು. ಅಂದರೆ ಅದು ವ್ಯಕ್ತಿಯ ಹೆಸರೂ ಹೌದು, ಸಂಕ್ಷಿಪ್ತ ರೂಪವೂ ಹೌದು. ವ್ಯಕ್ತಿ ಮೊದಲು, ಬಿಡಿಸಿದ ರೂಪ ಆಮೇಲೆ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಬಿಡಿಸಿದ ರೂಪ ಮಾತ್ರ ಕೊಟ್ಟು ಕೈತೊಳೆದುಕೊಳ್ಳುವುದು ನನಗೆ ಇಷ್ಟವಾಗುವುದಿಲ್ಲ. ಅಷ್ಟಕ್ಕೇ ಬಿಟ್ಟರೆ ಹೆಸರಿನ ಜೀವವೇ ಹೋಗುತ್ತದೆ.

ಈ ಯೋಜನೆ ಶುರುವಾಗಿದ್ದು 1987ರಲ್ಲಿ. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಹೋಗಿ ಬಂದರು. ಅದರ ಹಿಂದೆ ಒಬ್ಬ ಹೆಂಗಸಿನ ಹಟ ಇತ್ತು. ಇಟಲಿಯ ಸೋಫಿಯಾ ಕೊರ್ರಾಡಿ 1950ರ ದಶಕದಲ್ಲಿ ರೋಮ್‌ನಲ್ಲಿ ಕಾನೂನು ಓದುತ್ತಿದ್ದರು. ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ನೆರವಿನಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಸ್ನಾತಕೋತ್ತರ ಪದವಿ ತಂದರು. ವಾಪಸ್ ಬಂದು ತೋರಿಸಿದರೆ ರೋಮ್‌ನಲ್ಲಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆ ಅವಮಾನವನ್ನು ಅವರು ಮರೆಯಲಿಲ್ಲ. 1969ರಿಂದ ಬೆನ್ನುಬಿಡದೆ ಪ್ರಸ್ತಾವಗಳನ್ನು ಬರೆದರು, ಅಧಿಕಾರಿಗಳನ್ನು ಕಂಡರು. ಯೋಜನೆ ಬರಲು 18 ವರ್ಷ ಹಿಡಿಯಿತು. ಅವರನ್ನು ‘ಮಮ್ಮಾ ಎರಾಸ್ಮಸ್’ ಎಂದೇ ಕರೆಯುತ್ತಾರೆ. 2016ರಲ್ಲಿ ಅವರಿಗೆ ಐದನೇ ಚಾರ್ಲ್ಸ್ ಹೆಸರಿನ ಯುರೋಪಿಯನ್ ಪ್ರಶಸ್ತಿ ಬಂತು. ನಿಮ್ಮ ಸಂಬಂಧಿಯ ಅಂಕಪಟ್ಟಿಯಲ್ಲಿ ಬೇರೆ ದೇಶದಲ್ಲಿ ಗಳಿಸಿದ ಕ್ರೆಡಿಟ್ ಸಲೀಸಾಗಿ ಸೇರಿದ್ದರೆ, ಅದರ ಹಿಂದೆ ಈ ಹಟವೂ ಇದೆ.

ಇಲ್ಲಿಯವರೆಗೆ ‘ಎರಾಸ್ಮಸ್ ಅಂದರೆ ವಿದ್ಯಾರ್ಥಿಗಳ ಓಡಾಟ’ ಅಂದರೆ ತಪ್ಪಿಲ್ಲ. ತಪ್ಪಾಗುವುದು ‘ಪ್ಲಸ್’ ಬಂದ ಮೇಲೆ.

ಎರಾಸ್ಮಸ್‌ಗೆ ಒಡಹುಟ್ಟಿದವರಂತೆ ಬೇರೆ ಯೋಜನೆಗಳಿದ್ದವು. ಶಾಲೆಗಳಿಗೆ ‘ಕೊಮೇನಿಯಸ್’. ಚಿತ್ರಗಳ ಮೂಲಕ ಮಕ್ಕಳಿಗೆ ಪಾಠ ಹೇಳುವ ಪುಸ್ತಕವನ್ನು 1658ರಲ್ಲೇ ತಂದ ಮೊರಾವಿಯಾದ ಶಿಕ್ಷಕನ ಹೆಸರು. ವೃತ್ತಿ ತರಬೇತಿಗೆ ‘ಲಿಯೊನಾರ್ಡೊ ಡಾ ವಿಂಚಿ’. ವಯಸ್ಕರ ಕಲಿಕೆಗೆ ‘ಗ್ರುಂಟ್‌ವಿಗ್’. ಡೆನ್ಮಾರ್ಕಿನಲ್ಲಿ ವಯಸ್ಕರು ಕಲಿಯುವ ‘ಫೋಕ್ ಹೈಸ್ಕೂಲ್’ಗಳಿಗೆ ದಾರಿ ಹಾಕಿದವನು ಅವನು. ದೂರಶಿಕ್ಷಣಕ್ಕೆ ಮತ್ತು ಕಂಪ್ಯೂಟರ್ ಬಳಸಿ ಕಲಿಸುವುದಕ್ಕೆ ‘ಮಿನರ್ವಾ’. ರೋಮನ್ನರ ವಿದ್ಯಾದೇವತೆ ಆಕೆ. ಹೆಸರು ಕೇಳಿದರೇ ಯಾವುದು ಯಾರಿಗೆ ಅಂತ ತಿಳಿಯುತ್ತಿತ್ತು. 2007ರಲ್ಲಿ ಇವೆಲ್ಲ ಒಂದೇ ಸೂರಿನಡಿ ಬಂದವು. 2014ರಲ್ಲಿ ಇವುಗಳ ಜೊತೆಗೆ ಯುವಜನ ಕಾರ್ಯಕ್ರಮ, ಕ್ರೀಡೆ, ಹೊರದೇಶಗಳ ಜೊತೆಗಿನ ಎರಾಸ್ಮಸ್ ಮುಂಡಸ್, ಟೆಂಪಸ್ ಎಲ್ಲವನ್ನೂ ಒಟ್ಟುಗೂಡಿಸಿ, ಹೆಚ್ಚು ಪರಿಚಿತವಾಗಿದ್ದ ಹೆಸರನ್ನೇ ಮೇಲೆ ಅಂಟಿಸಿ ‘ಎರಾಸ್ಮಸ್ ಪ್ಲಸ್’ ಮಾಡಿದರು. ಆಡಳಿತಕ್ಕೆ ಅನುಕೂಲ ಆಗಿರಬಹುದು. ಓದುಗರಿಗೆ ಮಾತ್ರ ಅನುಕೂಲ ಆಗಲಿಲ್ಲ. ಮಿನರ್ವಾ ಎಂಬ ಹೆಸರು ಉಳಿದಿದ್ದರೆ ಇವತ್ತು ‘ಆನ್‌ಲೈನ್ ಕೋರ್ಸ್ ಮಾಡಲು ಸ್ಕಾಲರ್‌ಶಿಪ್’ ಅಂತ ಯಾರೂ ಬರೆಯುತ್ತಿರಲಿಲ್ಲ.

ಹಾಗಾಗಿ ‘ಪ್ಲಸ್’ ಇದ್ದರೆ ಎಚ್ಚರ ಇರಲಿ. ಅದು 2021ರಿಂದ 2027ರ ಅವಧಿಗೆ ಸುಮಾರು 2,600 ಕೋಟಿ ಯೂರೋ ಇರುವ ದೊಡ್ಡ ಕೊಡೆ. ಅದರ ಕೆಳಗೆ ‘ಕೆಎ 1’, ‘ಕೆಎ 2’, ‘ಕೆಎ 3’ ಎಂಬ ಮೂರು ಮುಖ್ಯ ಭಾಗ. ಕೆಎ ಅಂದರೆ ‘ಕೀ ಆ್ಯಕ್ಷನ್’. ಮೊದಲನೆಯದು ಜನ ಓಡಾಡಲು. ಎರಡನೆಯದು ಸಂಸ್ಥೆಗಳು ಒಟ್ಟಿಗೆ ಕೆಲಸ ಮಾಡಲು. ಮೂರನೆಯದು ನೀತಿ ರೂಪಿಸಲು. ಡಿಜಿಟಲ್ ಕಲಿಕೆಯ ಪ್ರಾಜೆಕ್ಟ್‌ಗಳು ಬಹುತೇಕ ಎರಡನೆಯದರಲ್ಲಿ ಬರುತ್ತವೆ.

ಈಗ ‘ಪ್ರಾಜೆಕ್ಟ್’ಗೆ ಬರೋಣ. ಈ ಲೋಕದಲ್ಲಿ ಆ ಪದಕ್ಕೆ ಬಿಗಿಯಾದ ಅರ್ಥ ಇದೆ. ಸಹಕಾರ ಪಾಲುದಾರಿಕೆ ಎಂಬ ಬಗೆಯನ್ನೇ ತೆಗೆದುಕೊಳ್ಳಿ. ಕನಿಷ್ಠ ಮೂರು ದೇಶಗಳ ಮೂರು ಸಂಸ್ಥೆಗಳು ಸೇರಬೇಕು. ಇದಕ್ಕೆ ಕನ್ಸೋರ್ಷಿಯಂ ಅನ್ನುತ್ತಾರೆ. ಒಬ್ಬರು ಮುಂದಾಳು, ಅವರೇ ಕೋಆರ್ಡಿನೇಟರ್. ವರ್ಷಕ್ಕೊಮ್ಮೆ ಹೊರಡುವ ‘ಕಾಲ್’ಗೆ, ಅಂದರೆ ಅರ್ಜಿ ಕರೆಯುವ ಪ್ರಕಟಣೆಗೆ, ಅರ್ಜಿ ಹಾಕಬೇಕು. 1,20,000, 2,50,000 ಅಥವಾ 4,00,000 ಯೂರೋ, ಈ ಮೂರರಲ್ಲಿ ಒಂದು ಮೊತ್ತವನ್ನು ಆರಿಸಿಕೊಂಡು, ಅಷ್ಟಕ್ಕೆ ಏನೇನು ಮಾಡುತ್ತೇವೆ ಎಂದು ಬರೆದುಕೊಡಬೇಕು. ಅವಧಿ 1ರಿಂದ 3 ವರ್ಷ. ಚಿಕ್ಕ ಸಂಸ್ಥೆಗಳಿಗೆ 30,000 ಅಥವಾ 60,000 ಯೂರೋಗಳ ಸಣ್ಣ ಬಗೆಯೂ ಇದೆ. ಅದಕ್ಕೆ ಎರಡು ದೇಶ ಸಾಕು. ಅವಧಿ ಮುಗಿದರೆ ಪ್ರಾಜೆಕ್ಟೂ ಮುಗಿಯಿತು. ನಮ್ಮಲ್ಲಿ ‘ಯೋಜನೆ’ ಅಂದರೆ ವರ್ಷಾನುಗಟ್ಟಲೆ ನಡೆಯುವ ಬಿಸಿಯೂಟದಂಥದ್ದು. ಇದು ಹಾಗಲ್ಲ. ಪ್ರಾಜೆಕ್ಟ್‌ಗೆ ಹುಟ್ಟುವಾಗಲೇ ಕೊನೆಯ ತಾರೀಖು ಗೊತ್ತಿರುತ್ತದೆ.

ಕೋವಿಡ್ ಸಮಯದಲ್ಲಿ ಇವು ಎಷ್ಟು ಬೇಗ ಹೆಚ್ಚಿದವು ಅಂದರೆ, 2020ರ ಆಗಸ್ಟ್‌ನಲ್ಲಿ ಯೂನಿಯನ್‌ನ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ವಿಶೇಷವಾಗಿ 20 ಕೋಟಿ ಯೂರೋ ತೆಗೆದಿಟ್ಟಿತು. ಡಿಜಿಟಲ್ ಶಿಕ್ಷಣಕ್ಕೆ ಸಿದ್ಧವಾಗುವುದು ಅದರ ಒಂದು ಭಾಗ, ಸೃಜನಶೀಲ ಕೌಶಲ ಇನ್ನೊಂದು. ಶಾಲೆ ಮುಚ್ಚಿದ್ದಾಗ ಆನ್‌ಲೈನಲ್ಲಿ ಪಾಠ ಮಾಡುವುದು ಹೇಗೆ ಅಂತ ಶಿಕ್ಷಕರಿಗೆ ಹೇಳಿಕೊಡುವ ಕೈಪಿಡಿಗಳು, ಕೋರ್ಸ್‌ಗಳು ಆಗ ರಾಶಿ ರಾಶಿ ಬಂದವು.

ಇನ್ನೊಂದು ಕಲಬೆರಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯುರೋಪಿನ ದುಡ್ಡಲ್ಲಿ ನಡೆದ ಎಲ್ಲ ಡಿಜಿಟಲ್ ಶಿಕ್ಷಣ ಪ್ರಾಜೆಕ್ಟೂ ಎರಾಸ್ಮಸ್ ಪ್ಲಸ್ ಅಲ್ಲ. ಆನ್‌ಲೈನ್‌ನಲ್ಲೇ ವಿಜ್ಞಾನದ ಪ್ರಯೋಗ ಮಾಡಿಸುವ, ನನಗೆ ತುಂಬಾ ಮೆಚ್ಚುಗೆಯಾದ ‘ಗೋ-ಲ್ಯಾಬ್’ ಒಳ್ಳೆಯ ಉದಾಹರಣೆ. 2012ರಲ್ಲಿ ಶುರುವಾದ ಇದಕ್ಕೆ ದುಡ್ಡು ಬಂದಿದ್ದು ಸಂಶೋಧನೆಯ ಪೆಟ್ಟಿಗೆಯಿಂದ, ಅಂದರೆ 7ನೇ ಫ್ರೇಮ್‌ವರ್ಕ್ ಪ್ರೋಗ್ರಾಂನಿಂದ. ಮುಂದಾಳು ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯ. ಮುಂದೆ ಅದರ ನಂತರದ ಸಂಶೋಧನಾ ಕಾರ್ಯಕ್ರಮವಾದ ಹೊರೈಜನ್ 2020ರಿಂದ ಅನುದಾನ ಬಂದು ‘ನೆಕ್ಸ್ಟ್-ಲ್ಯಾಬ್’ ಆಯಿತು. ಹೊಸತೇನು ಅಂತ ಸಂಶೋಧಿಸಲು ಹೊರೈಜನ್. ಇರುವುದನ್ನು ತರಗತಿಗೆ ತಂದು ಹಂಚಿಕೊಳ್ಳಲು ಎರಾಸ್ಮಸ್ ಪ್ಲಸ್. ಗೆರೆ ಅಷ್ಟು ನೇರವಾಗಿಲ್ಲದಿದ್ದರೂ ಸ್ಥೂಲವಾಗಿ ಇದನ್ನು ನೆನಪಿಟ್ಟುಕೊಂಡರೆ ಸಾಕು.

ಗೋ-ಲ್ಯಾಬ್‌ನಲ್ಲಿ ಏನಿದೆ ಅಂತ ಒಂದು ಪಾಠ ತೆರೆದು ನೋಡಿ. ‘ಸ್ಪ್ಲಾಶ್’ ಎಂಬ ವರ್ಚುವಲ್ ಲ್ಯಾಬ್ ಇದೆ. ವಸ್ತು ಮುಳುಗುತ್ತದೋ ತೇಲುತ್ತದೋ ಎಂಬ ಪಾಠಕ್ಕೆ ಅದು. ಮಗು ಒಂದು ವಸ್ತುವಿನ ದ್ರವ್ಯರಾಶಿ, ಗಾತ್ರ ಎಷ್ಟಿರಬೇಕು ಅಂತ ಹೊಂದಿಸಿ ನೀರಿನ ಕೊಳವೆಗೆ ಬಿಡುತ್ತದೆ. ಅದಕ್ಕೂ ಮೊದಲು ಊಹೆ ಬರೆಯಬೇಕು. ಊಹೆ ಬರೆಯಲು ಖಾಲಿ ಪೆಟ್ಟಿಗೆ ಕೊಟ್ಟು ಕೈಬಿಟ್ಟಿಲ್ಲ. ‘ಒಂದು ವೇಳೆ’, ‘ಹೆಚ್ಚಾದರೆ’, ‘ಆಗ’, ‘ಸಾಂದ್ರತೆ’ ಇಂಥ ತುಂಡು ಪದಗಳನ್ನು ಎಳೆದು ಜೋಡಿಸಿದರೆ ವಾಕ್ಯ ಆಗುತ್ತದೆ. ದೊಡ್ಡದೆಲ್ಲ ಮುಳುಗುತ್ತದೆ ಎಂದು ನಂಬಿದ ಮಗು ಹಾಗೆಯೇ ಜೋಡಿಸಿ, ದೊಡ್ಡದನ್ನೇ ಬಿಟ್ಟು, ಅದು ತೇಲುವುದನ್ನು ನೋಡಿ, ತಾನೇ ವಾಕ್ಯ ಬದಲಿಸುತ್ತದೆ. ಶಿಕ್ಷಕರು ಬಾಯಿಬಿಟ್ಟು ‘ತಪ್ಪು’ ಅನ್ನಬೇಕಾಗಿಲ್ಲ. ಇದೇ ಪಾಠಕ್ಕೆ ಸ್ಪೇನ್‌ನ ಡೆಯುಸ್ಟೊ ವಿಶ್ವವಿದ್ಯಾಲಯ ನಿಜವಾದ ಉಪಕರಣವನ್ನೂ ಇಟ್ಟಿತ್ತು. ಎಲ್ಲೋ ದೂರದ ತರಗತಿಯಲ್ಲಿ ಕೂತ ವಿದ್ಯಾರ್ಥಿ ಇಂಟರ್‌ನೆಟ್ ಮೂಲಕ ಬಿಲ್ಬಾವ್‌ನಲ್ಲಿರುವ ವಸ್ತುವನ್ನು ದ್ರವಕ್ಕೆ ಇಳಿಸಿ, ಕ್ಯಾಮೆರಾದಲ್ಲಿ ನೋಡಬಹುದು. ಇಂಥದ್ದನ್ನು ‘ಒಂದು ಆ್ಯಪ್’ ಅಂತ ಒಂದೇ ಪದದಲ್ಲಿ ಮುಗಿಸಿದರೆ ಬೇಜಾರಾಗುತ್ತದೆ.

ಇನ್ನು ಆ ನೀಲಿ ಬಾವುಟ. ಪ್ರಾಜೆಕ್ಟ್‌ನ ಪ್ರತಿ ಪುಟದ ಕೆಳಗೆ 12 ನಕ್ಷತ್ರಗಳ ಬಾವುಟ, ಪಕ್ಕದಲ್ಲಿ ‘ಯುರೋಪಿಯನ್ ಯೂನಿಯನ್‌ನ ಧನಸಹಾಯದಿಂದ’ ಎಂಬ ಅರ್ಥದ ಸಾಲು ಇರುತ್ತದೆ. ಅದನ್ನು ಹಾಕಲೇಬೇಕು, ನಿಯಮ ಹಾಗಿದೆ. ನಮ್ಮವರು ಅದನ್ನು ಐಎಸ್‌ಐ ಮಾರ್ಕ್ ಅಂದುಕೊಳ್ಳುತ್ತಾರೆ. ಅದರ ಕೆಳಗಿನ ಸಣ್ಣ ಅಕ್ಷರ ಓದಿದರೆ ಆ ಭ್ರಮೆ ಇಳಿಯುತ್ತದೆ. ಇಲ್ಲಿರುವ ಅಭಿಪ್ರಾಯಗಳು ಬರೆದವರದು, ಯೂನಿಯನ್ ಅವಕ್ಕೆ ಹೊಣೆಯಲ್ಲ ಎಂದು ಸ್ಪಷ್ಟವಾಗಿ ಇರುತ್ತದೆ. ಕಮಿಷನ್ ತಾನೇ ಮಾಡಿದ ಉಪಕರಣ ಬೇಕಿದ್ದರೆ ‘ಸೆಲ್ಫಿ’ ನೋಡಿ. ಫೋಟೋ ತೆಗೆಯುವ ಸೆಲ್ಫಿ ಅಲ್ಲ. 2018ರಲ್ಲಿ ಬಂದ ಇದರಲ್ಲಿ ಒಂದು ಶಾಲೆಯ ಮಕ್ಕಳು, ಶಿಕ್ಷಕರು, ಮುಖ್ಯೋಪಾಧ್ಯಾಯರು ಹೆಸರು ಹೇಳದೆ ಉತ್ತರಿಸಿ, ತಮ್ಮ ಶಾಲೆ ಡಿಜಿಟಲ್ ಸಾಧನಗಳನ್ನು ಹೇಗೆ ಬಳಸುತ್ತಿದೆ ಅಂತ ತಾವೇ ನೋಡಿಕೊಳ್ಳುತ್ತಾರೆ. ಅದನ್ನು ‘ಯೂನಿಯನ್‌ನದ್ದು’ ಅಂದರೆ ಸರಿ. ಉಳಿದ ಸಾವಿರಾರು ಪ್ರಾಜೆಕ್ಟ್‌ಗಳ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ.

ನಮ್ಮಲ್ಲಿ ಎರಾಸ್ಮಸ್ ಅಂದರೆ ಸ್ಕಾಲರ್‌ಶಿಪ್ ಎಂದೇ ಬೇರೂರಿದ್ದಕ್ಕೆ ಕಾರಣವೂ ಇದೆ. ಭಾರತದ ವಿದ್ಯಾರ್ಥಿಗಳಿಗೆ ಹತ್ತಿರವಾದ ಬಾಗಿಲು ‘ಎರಾಸ್ಮಸ್ ಮುಂಡಸ್’. ಎರಡು ಅಥವಾ ಹೆಚ್ಚು ದೇಶಗಳಲ್ಲಿ ಓದುವ ಜಂಟಿ ಮಾಸ್ಟರ್ಸ್, ಆಯ್ಕೆಯಾದವರಿಗೆ ತಿಂಗಳಿಗೆ 1,400 ಯೂರೋ. ಅದನ್ನು ಅತಿ ಹೆಚ್ಚು ಪಡೆಯುವವರಲ್ಲಿ ನಮ್ಮ ದೇಶದ ಮಕ್ಕಳೂ ಇದ್ದಾರೆ. ಅದು ಸ್ಕಾಲರ್‌ಶಿಪ್ಪೇ, ಆ ಮಕ್ಕಳ ಸಾಧನೆ ದೊಡ್ಡದೇ. ಆದರೆ ಬರೆಯುವಾಗ ಪೂರ್ತಿ ಹೆಸರು ಬರೆಯಿರಿ: ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್. ಸಂಸ್ಥೆಗೆ ಸಿಕ್ಕರೆ: ಎರಾಸ್ಮಸ್ ಪ್ಲಸ್ ಪ್ರಾಜೆಕ್ಟ್ ಅನುದಾನ. ಎರಡು ಪದ ಜಾಸ್ತಿ ಬರೆದರೆ ಏನೂ ನಷ್ಟವಿಲ್ಲ ಅಲ್ವಾ?

ನಷ್ಟ ಆಗುವುದು ತಪ್ಪು ಬರೆದಾಗ, ಅದೂ ಶಿಕ್ಷಕರಿಗೆ. ‘ಸ್ಕಾಲರ್‌ಶಿಪ್’ ಅಂತ ಓದಿದ ಹೈಸ್ಕೂಲ್ ಮೇಷ್ಟ್ರು ‘ನನಗೇನು ಸಂಬಂಧ’ ಅಂತ ಮುಂದೆ ಹೋಗುತ್ತಾರೆ. ಸಂಬಂಧ ಇದೆ. ಎರಾಸ್ಮಸ್ ಪ್ಲಸ್ ದುಡ್ಡಲ್ಲಿ ತಯಾರಾದ ಪಾಠ ಸಾಮಗ್ರಿಯನ್ನು ಮುಕ್ತ ಲೈಸೆನ್ಸ್‌ನಡಿ ಎಲ್ಲರಿಗೂ ಸಿಗುವಂತೆ ಇಡಬೇಕು ಎಂಬುದು ಷರತ್ತು. ಫಲಿತಾಂಶಗಳಿಗೇ ಕಮಿಷನ್‌ನ ಒಂದು ತಾಣ ಇದೆ, ಎರಾಸ್ಮಸ್ ಪ್ಲಸ್ ಪ್ರಾಜೆಕ್ಟ್ ರಿಸಲ್ಟ್ಸ್ ಪ್ಲಾಟ್‌ಫಾರ್ಮ್ ಅಂತ. ವಿಷಯದ ಹೆಸರು ಕೊಟ್ಟು ಹುಡುಕಿದರೆ ಪ್ರಾಜೆಕ್ಟ್‌ಗಳ ಪಟ್ಟಿ ಬರುತ್ತದೆ. ತೆರೆದ ಮೇಲೆ ಮೂರು ವಿಷಯ ನೋಡಿ: ಯಾವಾಗ ಮುಗಿಯಿತು, ಕೋಆರ್ಡಿನೇಟರ್ ಯಾರು, ಲೈಸೆನ್ಸ್ ಯಾವುದು. ಅವಧಿ ಮುಗಿದ ಮೇಲೆ ಪ್ರಾಜೆಕ್ಟ್‌ನ ಸ್ವಂತ ವೆಬ್‌ಸೈಟ್ ನೋಡಿಕೊಳ್ಳಲು ದುಡ್ಡು ಇರುವುದಿಲ್ಲ, ಎಷ್ಟೋ ತಾಣಗಳು ಹಾಗೇ ನಿಂತುಹೋಗುತ್ತವೆ. ಆದ್ದರಿಂದ ಇಷ್ಟವಾದ ಸಾಮಗ್ರಿ ಸಿಕ್ಕರೆ ಕೊಂಡಿಯನ್ನಷ್ಟೇ ಗುರುತು ಹಾಕಿಕೊಳ್ಳಬೇಡಿ, ಫೈಲನ್ನೇ ಇಳಿಸಿಕೊಳ್ಳಿ. ಲೈಸೆನ್ಸ್ ಒಪ್ಪಿದರೆ ಕನ್ನಡಕ್ಕೂ ತರಬಹುದು. ಮೂಲ ತಯಾರಿಸಿದವರ ಹೆಸರು ಹಾಕುವಾಗ ‘ಯುರೋಪಿಯನ್ ಯೂನಿಯನ್’ ಅಂತ ಬರೆಯಬೇಡಿ. ಆ ಶಾಲೆಯ, ಆ ವಿಶ್ವವಿದ್ಯಾಲಯದ ಹೆಸರು ಬರೆಯಿರಿ.