ಸಾವು ನೋಡಿ ನೋಡಿ ನರ್ಸ್‌ಗಳಿಗೆ ರೂಢಿ ಆಗುತ್ತಾ?

ಪ್ರಶ್ನೆ: ಮಗಳು ನರ್ಸಿಂಗ್ ಮುಗಿಸಿ ವಿಜಯಪುರದಲ್ಲಿ ಡ್ಯೂಟಿಗೆ ಸೇರಿದ್ದಾಳೆ. ಅವಳ ವಾರ್ಡಿನಲ್ಲಿ ಒಬ್ಬರು ತೀರಿಕೊಂಡಾಗಿನಿಂದ ಸರಿಯಾಗಿ ಉಣ್ಣುತ್ತಿಲ್ಲ. ಸ್ವಲ್ಪ ದಿನ ಹೋದರೆ ರೂಢಿ ಆಗುತ್ತೆ ಅಲ್ವಾ?

ಉತ್ತರ: ಇಲ್ಲ, ಆಗುವುದಿಲ್ಲ. ನರ್ಸಿಂಗ್ ಕಲಿಸುವ ನನಗೆ ಅಪ್ಪ-ಅಮ್ಮಂದಿರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಪ್ರತಿ ಸಲ ಇದನ್ನೇ ಹೇಳುತ್ತೇನೆ. ಆದರೂ ‘ಹಂಗಲ್ರಿ ಮೇಡಂ, ಬರ್ತಾ ಬರ್ತಾ ಗಟ್ಟಿ ಆಗ್ತಾರಲ್ರಿ’ ಅನ್ನುತ್ತಾರೆ. ಈ ಸಲ ಬಿಡಿಸಿಯೇ ಬರೆಯುತ್ತೇನೆ.

ರೂಢಿ ಆಗುವುದು ಕೈಗೆ. ಹೃದಯ ನಿಂತವರ ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ ಕನಿಷ್ಠ 5 ಸೆಂಟಿಮೀಟರ್ ಆಳ, ಮೂರರಿಂದ ಐದು ನಿಮಿಷಕ್ಕೊಮ್ಮೆ ಅಡ್ರಿನಲಿನ್ ಇಂಜೆಕ್ಷನ್. ಮೊದಲ ಸಲ ನಡುಗಿದ ಕೈ ಆಮೇಲೆ ನಡುಗುವುದಿಲ್ಲ. ನೀವು ಹೊರಗೆ ನಿಂತು ನೋಡುವುದು ಆ ಕೈಯನ್ನು. ಅದನ್ನು ನೋಡಿ ಮನಸ್ಸು ಕಲ್ಲಾಗಿದೆ ಅಂದುಬಿಡುತ್ತೀರಿ.

ಎಷ್ಟು ಸಾವು ನೋಡಿದ್ದಾರೆ ಅನ್ನುವುದರ ಮೇಲೆ ರೂಢಿ ಬರುವುದಾಗಿದ್ದರೆ ಹಳೆಯ ಸಿಸ್ಟರ್‌ಗಳಿಗೆ ಏನೂ ಅನ್ನಿಸಬಾರದು. ಕಿಡ್ನಿ ಕೆಟ್ಟವರ ರಕ್ತವನ್ನು ಯಂತ್ರದಿಂದ ಶುದ್ಧ ಮಾಡುವ ಡಯಾಲಿಸಿಸ್ ವಿಭಾಗದಲ್ಲಿ ಹೋಗಿ ನೋಡಿ. ವಾರಕ್ಕೆ ಎರಡು-ಮೂರು ಸಲ, ಸಲಕ್ಕೆ ನಾಲ್ಕು ತಾಸು, ವರ್ಷಗಟ್ಟಲೆ ಅದೇ ಮುಖ. ಸಿಂದಗಿ ಕಡೆಯಿಂದ ಒಬ್ಬ ಹಿರಿಯರು ಬರುತ್ತಿದ್ದರು. ಅವರು ತೂಕದ ಯಂತ್ರ ಹತ್ತಿದ ಕೂಡಲೇ ‘ಕಾಕಾ, ಮತ್ತ ಮಜ್ಜಿಗಿ ಕುಡದ್ರೇನ್ರಿ?’ ಅಂತ ಅಲ್ಲಿನ ಸಿಸ್ಟರ್ ಗದರುತ್ತಿದ್ದಳು. ಈ ರೋಗಿಗಳಿಗೆ ಕುಡಿದದ್ದು ಮೈಯಲ್ಲೇ ಉಳಿದು ತೂಕ ಏರುತ್ತದೆ. ಆದರೆ ನಮ್ಮ ಬಿಸಿಲಿನಲ್ಲಿ ನೀರು, ಮಜ್ಜಿಗೆ ಅಳೆದು ಕುಡಿಯುವುದು ಯಾರಿಗೂ ಸುಲಭವಲ್ಲ. ಅವರು ತೀರಿಕೊಂಡ ವಾರವೇ ಅವರ ಪಾಳಿ, ಕಾಯುತ್ತಿದ್ದ ಇನ್ನೊಬ್ಬರಿಗೆ ಹೋಯಿತು. ಹೊಸಬರ ತೂಕ ಬರೆಯುವಾಗ ಅವಳು ಕಾಕಾನ ಹೆಸರೇ ಬರೆದಿದ್ದಳು. ಹೊಸ ಹುಡುಗಿಯಲ್ಲ, ಬಹಳ ವರ್ಷ ಸರ್ವಿಸ್ ಆದವಳು.

ಹಾಗಾದರೆ ಏನೂ ಅನ್ನಿಸದವರು ಇಲ್ಲವಾ? ಇದ್ದಾರೆ. ಅದು ದಣಿವು. 1992ರಲ್ಲಿ ಕಾರ್ಲಾ ಜಾಯಿನ್ಸನ್ ನರ್ಸ್‌ಗಳ ಬಗ್ಗೆ ಬರೆಯುತ್ತಾ ಇದನ್ನು ‘ಕಂಪ್ಯಾಷನ್ ಫಟೀಗ್’ ಅಂದರು, ಅಂದರೆ ಮರುಗಿ ಮರುಗಿ ಬರುವ ದಣಿವು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ಗೆ, ಅಂದರೆ ಕೆಲಸದ ಒತ್ತಡದಿಂದ ಬಳಲಿಹೋಗುವುದಕ್ಕೆ, ಮೂರು ಗುರುತು ಹೇಳಿತು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೆಲಸ ಮೊದಲಿನಷ್ಟು ಚೆನ್ನಾಗಿ ಆಗದಿರುವುದು. ಮಗಳಿಗೆ ಬರಲಿ ಅಂತ ನೀವು ಕಾಯುತ್ತಿರುವ ಗಟ್ಟಿತನ ಈ ಪಟ್ಟಿಯಲ್ಲಿ ಎರಡನೆಯದು! ಅವಳು ರೋಗಿಯನ್ನು ಬರೀ ಬೆಡ್ ನಂಬರಿನಿಂದ ಕರೆಯತೊಡಗಿದರೆ, ಮನೆಯವರ ಮುಖ ನೋಡದೆ ಮಾತಾಡತೊಡಗಿದರೆ ಆಗ ಜಾಸ್ತಿ ಚಿಂತೆ ಮಾಡಿ.

ಸದ್ಯಕ್ಕೆ ‘ಮರೆತುಬಿಡು’ ಅನ್ನಬೇಡಿ. ನೈಟ್ ಡ್ಯೂಟಿ ಮುಗಿಸಿ ಬಂದವಳನ್ನು ನೆಂಟರ ಮುಂದೆ ಕೂಡಿಸದೆ ಮಲಗಲು ಬಿಡಿ. ಆ ದಿನ ಜೊತೆಗಿದ್ದ ಸಹೋದ್ಯೋಗಿಯ ಹತ್ತಿರ ಮಾತಾಡಲಿ. ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟಲ್ಸ್ ಎಂಬ ನರ್ಸ್ ಒಂದು ಪದ್ಧತಿ ಶುರು ಮಾಡಿದರು. ರೋಗಿ ತೀರಿಕೊಂಡ ಕೂಡಲೇ ಇಡೀ ತಂಡ ಹಾಸಿಗೆಯ ಸುತ್ತ ಒಂದು ನಿಮಿಷದ ಹೊತ್ತು ಸುಮ್ಮನೆ ನಿಲ್ಲುವುದು. ಅದಕ್ಕೆ ದುಡ್ಡು ಬೇಡ, ಹೊಸ ಕಟ್ಟಡ ಬೇಡ. ನಮ್ಮ ವಾರ್ಡುಗಳಲ್ಲೂ ಆಗುವ ಕೆಲಸವೇ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ 14416ಕ್ಕೆ ಫೋನ್ ಮಾಡಿಸಿ. ಅದು ಟೆಲಿ ಮಾನಸ್, ಮನಸ್ಸಿನ ಆರೋಗ್ಯಕ್ಕಾಗಿ ಇರುವ ಸರ್ಕಾರಿ ಸಹಾಯವಾಣಿ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಸತ್ತ ಮೇಲಿನ ಆರೈಕೆಯನ್ನು ಹೊಸ ಹುಡುಗಿಯರಿಂದ ತಪ್ಪಿಸಬೇಡಿ ಅಂತ ಸೀನಿಯರ್‌ಗಳಿಗೆ ನಾನು ಹೇಳುತ್ತಿರುತ್ತೇನೆ. ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ (ಕ್ಯಾನುಲಾ), ಮೂಗಿನ ನಳಿಕೆ ತೆಗೆಯುವುದು, ಕಣ್ಣು ಮುಚ್ಚುವುದು, ಮೈ ಒರೆಸುವುದು. ರೋಗಿಗೆ ಮಾಡಬೇಕಾದ ಕೊನೆಯ ಕೆಲಸವನ್ನೂ ಮಾಡಿದೆ ಅನ್ನುವ ಸಮಾಧಾನ ಅವರಿಗೆ ಸಿಗುತ್ತದೆ. ನಮ್ಮ ಕಡೆ ಲಿಂಗಾಯತರಲ್ಲಿ ಕೂಡ್ರಿಸಿ ಮಣ್ಣು ಮಾಡುತ್ತಾರೆ. ಜೀವ ಹೋದ ಎರಡು-ಮೂರು ತಾಸಿನಲ್ಲಿ ದವಡೆ, ಕುತ್ತಿಗೆ ಬಿಗಿಯತೊಡಗುತ್ತವೆ, ಬೇಸಿಗೆಯಲ್ಲಿ ಇನ್ನೂ ಬೇಗ. ಆಮೇಲೆ ಕೈಕಾಲು. ‘ಲಗೂ ಕೊಡ್ರಿ ಅಕ್ಕಾರ, ಕೂಡ್ರಸಬೇಕು’ ಅಂತ ಮನೆಯವರು ಅವಸರ ಮಾಡುವುದು ಅದಕ್ಕೇ, ಜಗಳಕ್ಕಲ್ಲ. ನರ್ಸ್ ಇದನ್ನು ತಿಳಿದಿರಬೇಕು. ಮನೆಯವರೂ ಒಂದು ತಿಳಿದಿರಲಿ: ಸಾವಿನ ಕಾರಣದ ನಮೂನೆ 4 ಅನ್ನು ಡಾಕ್ಟರೇ ತುಂಬಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಅಪಘಾತ, ವಿಷದಂಥ ಪೊಲೀಸ್ ಕೇಸಾದರೆ ನರ್ಸ್ ನಳಿಕೆಯನ್ನೂ ತೆಗೆಯುವಂತಿಲ್ಲ, ಎಷ್ಟು ಬೇಡಿಕೊಂಡರೂ ದೇಹ ಕೊಡುವಂತಿಲ್ಲ. ಅವಳ ಮೇಲೆ ಕೂಗಾಡಬೇಡಿ. ಕೇಸಿಲ್ಲದಿದ್ದರೆ ಕಾಗದ ಆಗುವಷ್ಟರಲ್ಲಿ ಗಾಡಿ ಕರೆಸಿಟ್ಟುಕೊಳ್ಳಿ.